ಹಿಂದಿನ ಡೋರಿನ ಸರಪಳಿ

ಗಾಡಿ ತಂದವನು "ಏನೂ ಇಲ್ಲ ಮೇಸ್ತ್ರಿ, ಸಣ್ಣದೊಂದು ಸದ್ದು ಅಷ್ಟೇ" ಎಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಮೊದಲು ಅವನ ಮುಖ ನೋಡಬೇಕು. ಬಾನೆಟ್ಟು ಆಮೇಲೆ ಎತ್ತಿದರಾಯಿತು. ಹಿರಿಯೂರಿನ ಹುಳಿಯಾರು ರಸ್ತೆಯಲ್ಲಿ ಗ್ಯಾರೇಜು ನಡೆಸಿ, ಮಂಡಿ ಮಡಚಲಾಗದೆ ಈಗ ಮನೆಯ ಜಗಲಿ ಹಿಡಿದಿರುವ ನಾನು, ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಹೇಳುವ ಮೊದಲ ಮಾತು ಇದೇ. ಐಟಿಐನಲ್ಲಿ ಇಂಜಿನ್ ಬಿಚ್ಚುವುದನ್ನು ಕಲಿಸುತ್ತಾರೆ. ಗಾಡಿ ತಂದವನ ಬಾಯಿ ಬಿಡಿಸುವುದನ್ನು ಯಾರೂ ಕಲಿಸುವುದಿಲ್ಲ. ಅದನ್ನು ನೀವೇ ಕಲಿಯಬೇಕು, ಕಲಿಯುವ ಹೊತ್ತಿಗೆ ನನ್ನ ಹಾಗೆ ತಲೆ ನರೆತಿರುತ್ತದೆ.

ನನಗೆ ಕೆಲಸ ಕಲಿಸಿದವರು ಚಿತ್ರದುರ್ಗದ ಖಾಸಿಂ ಉಸ್ತಾದರು. ಅವರು ಈ ಭೂಮಿಯ ಮೇಲೆ ಯಾರನ್ನೂ ನಂಬಿದವರಲ್ಲ. ಚಾ ತಂದವನನ್ನೂ "ಹಾಲು ಹಾಕೀಯಾ, ಇಲ್ಲ ಹಾಲಿಗೆ ತೋರಿಸ್ಕಂಡು ಬಂದೀಯಾ?" ಎಂದು ಕೇಳಿಯೇ ಕುಡಿಯುತ್ತಿದ್ದರು. ಹೊಸ ಬೇರಿಂಗ್ ತಂದುಕೊಟ್ಟರೆ ಕಿವಿಯ ಹತ್ತಿರ ಹಿಡಿದು ತಿರುಗಿಸಿ, ಮಾರಿದ ಅಂಗಡಿಯವನಿಗೆ ಒಂದು ಬೈಗುಳ ಹಾಕಿ, ಆಮೇಲೆ ಕೂರಿಸುತ್ತಿದ್ದರು. ಒಮ್ಮೆ ನಾನು "ಬೋಲ್ಟೆಲ್ಲ ಬಿಗಿ ಮಾಡೀನಿ ಉಸ್ತಾದ್" ಎಂದೆ. "ಲೇ, ನಿನ್ ಬಾಯಿ ಬಿಗಿ ಮಾಡು, ಪಾನಾ ಇಲ್ಲಿ ಕೊಡು" ಎಂದು ಸ್ಪ್ಯಾನರ್ ಕಿತ್ತುಕೊಂಡು ಗಾಡಿಯ ಅಡಿಗೆ ಹೋದರು. ಎರಡು ಬೋಲ್ಟು ಸಡಿಲವೇ ಇದ್ದವು. ಅವತ್ತು ತಿಂದ ಏಟಿನ ಜೊತೆಗೆ ಅವರ ಗುಣವೂ ನನಗೆ ಅಂಟಿಕೊಂಡಿತು.

ಆ ಗುಣದಿಂದ ಲಾಭವೂ ಆಗಿದೆ, ಮುಖಭಂಗವೂ ಆಗಿದೆ. ಹೊಸದುರ್ಗದಿಂದ ಒಬ್ಬರ ವ್ಯಾನು ಬರುತ್ತಿತ್ತು, ಹಾಲುರಾಮೇಶ್ವರಕ್ಕೆ ಜನರನ್ನು ಕರೆದೊಯ್ಯುವ ಗಾಡಿ. "ಡೀಸೆಲ್ ಕುಡಿದು ಸಾಯಿಸ್ತೈತೆ ಮೇಸ್ತ್ರಿ" ಎಂದು ಮಾಲೀಕನ ಗೋಳು. ನಾಜಲ್ ಬದಲಾಯಿಸಿದೆ, ಪಂಪು ಬಿಚ್ಚಿ ಕೂರಿಸಿದೆ, ಏನೂ ಆಗಲಿಲ್ಲ. ಕೊನೆಗೆ ಡ್ರೈವರ್ ಮೇಲೆ ಅನುಮಾನ ಬಂದು ಟ್ಯಾಂಕಿನ ಅಡಿಗೆ ತೆವಳಿ ನೋಡಿದರೆ ಅಲ್ಲೊಂದು ಪುಟಾಣಿ ನಲ್ಲಿ! "ಅದು ಕಂಪನಿಯಿಂದ್ಲೇ ಬಂದಿದ್ದು" ಎಂದ ಡ್ರೈವರ್. ಅವನು ಮಾಲೀಕನ ಹೆಂಡತಿಯ ತಮ್ಮ ಎಂದು ನನಗೇನು ಗೊತ್ತು? ಕಳ್ಳನನ್ನು ಹಿಡಿದುಕೊಟ್ಟದ್ದಕ್ಕೆ ಮಾಲೀಕ ನನ್ನ ಮೇಲೆಯೇ ಮುನಿಸಿಕೊಂಡು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಇನ್ನೊಮ್ಮೆ ಹೊಳಲ್ಕೆರೆಯ ಮೇಷ್ಟ್ರೊಬ್ಬರು ತಮ್ಮ ಕಾರಿನಲ್ಲಿ ಗೇರು ತಾನಾಗಿಯೇ ಜಾರುತ್ತದೆ ಎಂದರು. ಗೇರು ಯಾಕೆ ಜಾರುತ್ತೆ, ಇವರಿಗೆ ಹಾಕಲು ಬರುವುದಿಲ್ಲ ಎಂದುಕೊಂಡೆ. "ಕೂತ್ಕಳ್ರಿ ಮೇಷ್ಟ್ರೇ, ಹೆಂಗೆ ಓಡಿಸೋದು ತೋರಿಸ್ತೀನಿ" ಎಂದು ಇಳಿಜಾರಿನಲ್ಲಿ ಬಿಟ್ಟೆ. ಗೇರು ಜಾರಿತು. ಕಾರು ಹೋಗಿ ಕತ್ತಾಳೆ ಬೇಲಿಯೊಳಗೆ ನಿಂತಿತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು "ಹಿಂಗಾ ಓಡ್ಸೋದು?" ಎಂದು ಕೇಳಿದರು ನೋಡಿ, ಆ ಮಾತು ಇವತ್ತಿಗೂ ಮೈಯಲ್ಲಿ ಮುಳ್ಳಾಡಿಸುತ್ತದೆ.

ಈಗ ಕಾಲ ಬೇರೆ. ಗಾಡಿಗೆ ಒಂದು ಮಿಷನ್ ಚುಚ್ಚಿದರೆ ಎಲ್ಲಿ ಏನು ಕೆಟ್ಟಿದೆ ಎಂದು ಪರದೆಯ ಮೇಲೆ ಬರುತ್ತದೆ. ನಾನು ಆ ಮಿಷನ್ನನ್ನೂ ನಂಬಿದವನಲ್ಲ. ಆದರೆ ನನ್ನ ಅನುಮಾನಗಳನ್ನೆಲ್ಲ ಒಟ್ಟಿಗೆ ಕೂರಿಸಿ ಕಪಾಳಕ್ಕೆ ಹೊಡೆದ ಗಾಡಿ ಅಂತಹ ಯಾವ ಮಿಷನ್ನಿಗೂ ಸಿಗದ ಹಳೇ ಡೀಸೆಲ್ ಪಿಕಪ್ಪು. ಗ್ಯಾರೇಜು ಮುಚ್ಚುವ ಹಿಂದಿನ ವರ್ಷ ಅದು ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ನನ್ನ ಬಾಗಿಲಿಗೆ ಬಂತು. ಬಂಪರಿನ ಸಂದಿಯಲ್ಲಿ ಜಾಲಿ ಗಿಡ ಬೆಳೆದಿತ್ತು. ಕ್ಯಾಬಿನ್ನಿನೊಳಗೆ ಕೋಳಿ ಸಂಸಾರ ಮಾಡಿತ್ತು. ಸೀಟಿನ ಅಡಿ ಕೈ ಹಾಕಿದರೆ ಮೊಟ್ಟೆ ಸಿಕ್ಕಿತು.

ಗಾಡಿ ಈರಣ್ಣನದು. ಧರ್ಮಪುರದ ಆಚೆಗೆ ಕುರಿಗಾರರ ಹಟ್ಟಿಯವನು, ನನ್ನ ಹಳೇ ಗಿರಾಕಿ. ಅವನ ಗಾಡಿ ಬರುವುದು ಕಣ್ಣಿಗೆ ಕಾಣುವ ಮುಂಚೆ ಕಿವಿಗೆ ಕೇಳುತ್ತಿತ್ತು. ಹಿಂದಿನ ಡೋರಿಗೆ ಕೊಂಡಿಯ ಬದಲು ಒಂದು ಉದ್ದನೆಯ ಸರಪಳಿ ಸಿಕ್ಕಿಸಿದ್ದ, ಅದು ತಗಡಿಗೆ ಬಡಿದು ಝಣ್ ಝಣ್ ಎನ್ನುತ್ತಿತ್ತು. ನನಗೋ ಗಾಡಿಯಲ್ಲಿ ಬೇಡದ ಸದ್ದು ಕೇಳಿದರೆ ಹಲ್ಲಿನಲ್ಲಿ ಕಲ್ಲು ಸಿಕ್ಕ ಹಾಗೆ ಆಗುತ್ತದೆ. "ಬಿಟ್ಟಿ ಮಾಡಿಕೊಡ್ತೀನಿ ಕಣಪ್ಪ, ಬಿಗಿ ಮಾಡ್ಲಾ?" ಎಂದರೆ "ಬ್ಯಾಡ ಬಿಡು ಮೇಸ್ತ್ರಿ, ಅದರ ಪಾಡಿಗೆ ಅದು ಇರ್ಲಿ" ಎಂದು ನಗುತ್ತಿದ್ದ. ಒಮ್ಮೆ ಅವನು ಚಾ ಕುಡಿಯಲು ಹೋದಾಗ ಸೈಕಲ್ ಟ್ಯೂಬು ಸುತ್ತಿ ಸರಪಳಿಯ ಬಾಯಿ ಮುಚ್ಚಿಸಿದೆ. ಮುಂದಿನ ಸಲ ಬಂದಾಗ ಟ್ಯೂಬು ಕೊಯ್ದು ಬಿಸಾಕಿದ್ದ. ಬಿಟ್ಟಿ ಎಂದು ಹೇಳಿ ಬೇರೆ ಲೆಕ್ಕದಲ್ಲಿ ಸೇರಿಸುತ್ತೇನೆಂದು ನನ್ನ ಮೇಲೆ ಗುಮಾನಿ ಇವನಿಗೆ, ಜಿಪುಣ ನನ್ಮಗ, ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಆ ಈರಣ್ಣ ಎದೆನೋವು ಬಂದು ಹೋಗಿಬಿಟ್ಟಿದ್ದ, ಅವನು ಹೋದಾಗಿನಿಂದ ಗಾಡಿ ನಿಂತಲ್ಲೇ ಇತ್ತು. ಗಾಡಿ ತಂದವಳು ಅವನ ಹೆಂಡತಿ ಚಿತ್ತಮ್ಮ.

"ಮೇಸ್ತ್ರಿ, ಇದು ಓಡ್ಬೇಕು" ಎಂದಳು.

"ಗುಜರಿಗೆ ಹಾಕಮ್ಮ. ಇದಕ್ಕೆ ಸುರಿಯೋದ್ರಲ್ಲಿ ಇದಕ್ಕಿಂತ ಒಳ್ಳೆ ಗಾಡಿ ಬರ್ತೈತೆ."

"ಒಳ್ಳೆ ಗಾಡಿ ತಗಂಡು ಏನ್ ಮಾಡ್ಲಿ? ನನ್ ಕುರಿ ಈ ಗಾಡೀನೇ ಬಲ್ವು."

ಆಮೇಲೆ ಕುಳಿತು ಎಲ್ಲ ಹೇಳಿದಳು. ಈರಣ್ಣನದೂ ಅವನ ಅಣ್ಣ ಮೂಡ್ಲಪ್ಪನದೂ ಬೇರೆ ಬೇರೆ ಹಿಂಡು. ಆದರೆ ಒಂದೇ ಮನೆತನ ಎಂದು ಎರಡು ಹಿಂಡಿಗೂ ಕಿವಿಯಲ್ಲಿ ಒಂದೇ ರೀತಿ ಕಚ್ಚು ಹಾಕಿದ್ದರು. ಈರಣ್ಣ ಸತ್ತ ಮೇಲೆ "ಒಬ್ಬಳೇ ಹೆಂಗೆ ಮೇಯಿಸ್ತೀಯ" ಎಂದು ಮೂಡ್ಲಪ್ಪ ಅವಳ ಕುರಿಗಳನ್ನೂ ತನ್ನ ಹಿಂಡಿಗೆ ಕೂಡಿಸಿಕೊಂಡ. ಈಗ ಕೇಳಿದರೆ "ನಿನ್ನವು ರೋಗ ಬಂದು ಸತ್ವು, ಇರೋವೆಲ್ಲ ನನ್ನವು" ಎನ್ನುತ್ತಾನೆ. ಕಿವಿ ನೋಡಿ ಹೇಳುವ ಹಾಗಿಲ್ಲ.

"ನಿನ್ ಕುರಿ ನಿನಗೆ ಗುರುತು ಸಿಗಲ್ವೇನಮ್ಮ?"

"ಒಂದೊಂದರ ಮುಖಾನೂ ಗೊತ್ತೈತೆ. ನನಗೆ ಗೊತ್ತೈತೆ ಅಂದ್ರೆ ಆತಾ? ನಮ್ ಭಾವನೂ ನನಗೆ ಗೊತ್ತೈತೆ ಅಂತಾನೆ."

ಹಟ್ಟಿಯ ಯಜಮಾನರ ಮುಂದೆ ಪಂಚಾಯ್ತಿ ಕೂತಾಗ ಅವಳು ಗಾಡಿಯ ಮಾತು ಎತ್ತಿದ್ದಳು. ಮೇವು ಅರಸಿ ಊರೂರಿಗೆ ಹೊರಟಾಗ ನಡೆಯಲಾರದ ಹಸಿ ಮರಿಗಳನ್ನೆಲ್ಲ ಈರಣ್ಣ ಈ ಪಿಕಪ್ಪಿನಲ್ಲಿ ತುಂಬಿಕೊಳ್ಳುತ್ತಿದ್ದ. ತಾಯಿಗಳು ಗಾಡಿಯ ಹಿಂದೆಯೇ ಬರುತ್ತಿದ್ದವು. ಯಜಮಾನರು ಯೋಚಿಸಿ, "ಹಂಗಾದ್ರೆ ಆ ಗಾಡಿ ತರ್ಸು. ಅದರ ಹಿಂದೆ ಬಂದವು, ಅವುಗಳ ಮರಿ, ಎಲ್ಲಾ ನಿನ್ನವು. ಬರ್ಲಿಲ್ಲ ಅಂದ್ರೆ ಇನ್ನೊಂದ್ಸಲ ಈ ಮಾತು ಎತ್ತಬಾರ್ದು" ಎಂದಿದ್ದರು. ದೀಪಾವಳಿ ಕಳೆದ ಮೇಲೆ ಮೂಡ್ಲಪ್ಪ ಹಿಂಡು ಹೊರಡಿಸುವವನಿದ್ದ. ಹೊರಟಿತೆಂದರೆ ದಾರಿಯ ಸಂತೆಗಳಲ್ಲಿ ಅವಳ ಕುರಿ ಯಾರ್ಯಾರ ಪಾಲೋ.

"ಕುರಿ ಸಾಕ್ಷಿ ಹೇಳ್ತಾವೇನಮ್ಮ?" ಎಂದು ನಾನು ನಕ್ಕೆ.

"ಮನುಷ್ಯರು ಹೇಳ್ಲಿಲ್ವಲ್ಲ. ಇನ್ಯಾರು ಹೇಳ್ಬೇಕು?" ಎಂದಳು. ಎದ್ದು ಹೊರಡುವಾಗ ಇನ್ನೊಂದು ಮಾತು ಸೇರಿಸಿದಳು: "ಓಡಿದ್ರೆ ಸಾಕು ಮೇಸ್ತ್ರಿ. ಚಂದ ಮಾಡ್ಬ್ಯಾಡ್ರಿ."

ನನ್ನ ಕಿವಿ ನೆಟ್ಟಗಾಯಿತು. ಇಷ್ಟು ವರ್ಷದಲ್ಲಿ ಚಂದ ಮಾಡಬೇಡಿ ಎಂದ ಗಿರಾಕಿಯನ್ನು ನಾನು ಕಂಡಿರಲಿಲ್ಲ. ಇದರಲ್ಲೇನೋ ಇದೆ ಎನ್ನಿಸಿತು. ಓಡುವ ಹಾಗೆ ಮಾಡಿಸಿ ಯಾರಿಗೋ ಮಾರಿಬಿಡುವ ಯೋಚನೆಯೇ? ಈ ಗಾಡಿ ನಿಜವಾಗಿ ಈರಣ್ಣನದೇ ತಾನೇ? ಅವನದೇ ಎಂದು ಗೊತ್ತಿದ್ದರೂ ಚಾಸಿ ನಂಬರಿನ ಮೇಲಿನ ತುಕ್ಕು ಕೆರೆದು, ಕಾಗದ ಒತ್ತಿ, ಪೆನ್ಸಿಲ್ ಉಜ್ಜಿ ಹಳೇ ಆರ್‌ಸಿಗೆ ಹೋಲಿಸಿದೆ. ಸರಿಯಾಗಿಯೇ ಇತ್ತು. ಆಗಲೂ ಸಮಾಧಾನವಾಗಲಿಲ್ಲ.

ಕೆಲಸ ಮಾತ್ರ ಮನಸಿಟ್ಟು ಮಾಡಿದೆ. ಇಂಜಿನ್ ಕಚ್ಚಿಕೊಂಡಿತ್ತು. ಸಿಲಿಂಡರಿಗೆ ಡೀಸೆಲ್ ಸುರಿದು ನೆನೆಯಲು ಬಿಟ್ಟು, ದಿನಾ ಬೆಳಿಗ್ಗೆ ಕೈಯಲ್ಲೇ ಒಂಚೂರು ಒಂಚೂರು ತಿರುಗಿಸಿದೆ. ಇಲಿ ತಿಂದ ವೈರನ್ನೆಲ್ಲ ಕಿತ್ತು ಹೊಸದು ಎಳೆದೆ. ಬ್ರೇಕು, ಕ್ಲಚ್ಚು ಎಲ್ಲ ಬಿಚ್ಚಿ ಮಾಡಿದ್ದಾಯಿತು. ಬಾಡಿಯ ತಳ ತುಕ್ಕು ಹಿಡಿದು ನೆಲ ಕಾಣುತ್ತಿತ್ತು, ಹಳೇ ಡ್ರಮ್ಮಿನ ತಗಡು ಕತ್ತರಿಸಿ ಬೆಸೆದೆ. ಇಂಜಿನ್ ಮೊದಲ ಸಲ ಕೆಮ್ಮಿ ಎದ್ದಾಗ ನೀಲಿ ಹೊಗೆ ಎದುರಿನ ಹೋಟ್ಲಿಗೆ ನುಗ್ಗಿತು. ಹೋಟ್ಲಿನವನು ದೋಸೆ ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದು ನನ್ನ ವಂಶವನ್ನೆಲ್ಲ ನೆನೆದ. ಅಯ್ಯೋ, ಆ ಸಂತೋಷಕ್ಕೆ ಸಮ ಯಾವುದಿದೆ!

ಅದೇ ವಾರ ಮೂಡ್ಲಪ್ಪ ಬಂದ. ಬಿಳಿ ಅಂಗಿ, ಬಿಳಿ ಹೊಸ ಗಾಡಿ, ಕೈಯಲ್ಲಿ ಹಸಿ ಶೇಂಗಾ ಚೀಲ. ಗಾಡಿಯನ್ನು ಸವರಿ ಕಣ್ಣೊರೆಸಿಕೊಂಡ. "ನನ್ ತಮ್ಮ ಇದ್ದಾಗ ಒಂದು ಸೈಲೆನ್ಸರ್ ಕೊಡಿಸ್ಬೇಕು ಅಂತಿದ್ದೆ ಮೇಸ್ತ್ರಿ. ಆಗ್ಲಿಲ್ಲ. ಈಗ ತಂದೀನಿ, ಹಾಕ್ರಿ" ಎಂದು ಹೊಸ ಸೈಲೆನ್ಸರ್ ಇಳಿಸಿದ. ಜೊತೆಗೊಂದು ಹಾಡುವ ಹಾರ್ನು.

ಜಗಳದಲ್ಲಿ ಎದುರಾಳಿಯ ಗಾಡಿಗೆ ಯಾರಾದರೂ ಸಾಮಾನು ಕೊಡಿಸುತ್ತಾರೆಯೇ? ನನ್ನ ತಲೆ ಗರಗರ ತಿರುಗಿತು. ಗೊತ್ತಾಯಿತು, ಇವನು ನಾಳೆ ಗಾಡಿಯಲ್ಲಿ ನನ್ನದೂ ಪಾಲಿದೆ ಎನ್ನುತ್ತಾನೆ! "ನೋಡ್ರಿ, ಇದನ್ನ ಕೊಡಿಸ್ದೆ ಅಂತ ಮುಂದೆ ಗಾಡಿ ಕೇಳಂಗಿಲ್ಲ" ಎಂದೆ. "ಶಿವ ಶಿವಾ! ದೇವ್ರಾಣೆ ಕೇಳಲ್ಲ. ಆ ಗಾಡಿ ನಾನು ಒಂದಿನನಾದ್ರೂ ಮುಟ್ಟೀನಾ?" ಎಂದು ಕೆನ್ನೆ ಬಡಿದುಕೊಂಡ. ನನ್ನ ಅನುಮಾನ ಅಲ್ಲಿಗೆ ತಣ್ಣಗಾಯಿತು. ಹಳೇ ಸೈಲೆನ್ಸರ್ ಹೇಗೂ ಜರಡಿಯಾಗಿತ್ತು. ಹಾರ್ನು ಬೇಡವೆಂದೆ, ಸೈಲೆನ್ಸರ್ ಇಟ್ಟುಕೊಂಡೆ. ಹೋಗುವಾಗ ಅವನು ನನ್ನ ಹೆಗಲ ಮೇಲೆ ಕೈ ಇಟ್ಟು, "ಸದ್ದಿಲ್ದಂಗೆ ಮಾಡ್ರಿ ಮೇಸ್ತ್ರಿ. ನಿಮ್ ಕೈ ಬಿದ್ದ ಗಾಡಿ ಗಡಗಡ ಅಂದ್ರೆ ನಿಮ್ ಹೆಸ್ರಿಗಲ್ವಾ ಕೆಟ್ಟದ್ದು?" ಎಂದ.

ಆ ಮಾತು ನೋಡಿ ನೆಟ್ಟಗೆ ತಲೆಗೇ ಏರಿತು. ಈರಣ್ಣನಂತೂ ಬಿಡಲಿಲ್ಲ, ಈಗಲಾದರೂ ಆ ದರಿದ್ರ ಸರಪಳಿಗೆ ಗತಿ ಕಾಣಿಸುತ್ತೇನೆಂದು ಅದನ್ನು ಕಿತ್ತೆ. ಡೋರಿಗೆ ಎರಡು ಕಡೆ ಹೊಸ ಕೊಂಡಿ, ಅಂಚಿಗೆ ರಬ್ಬರು. ಗಾಡಿ ಹೊರಟರೆ ಇಂಜಿನ್ ಬಿಟ್ಟು ಬೇರೆ ಏನೂ ಕೇಳಬಾರದು, ಹಾಗೆ ಮಾಡಿದೆ.

ಚಿತ್ತಮ್ಮ ಬಂದು ಗಾಡಿ ನೋಡಿ ಮೊದಲು ಕೈಮುಗಿದಳು. ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊರಟೆ. ಸುತ್ತು ಮುಗಿಸಿ ಗ್ಯಾರೇಜಿನ ಬಾಗಿಲಿಗೆ ಬರುವಷ್ಟರಲ್ಲಿ ಅವಳ ಮುಖ ಕಪ್ಪಿಟ್ಟಿತ್ತು.

"ನಿಲ್ಸ್ರಿ" ಎಂದಳು. "ಇದು ನಮ್ ಗಾಡಿ ಅಲ್ಲ."

"ಏನಮ್ಮ ಹಂಗಂದ್ರೆ? ಚಾಸಿ ನಂಬರ್ ನೋಡೀನಿ ನಾನು."

"ಚಾಸಿ ಗೀಸಿ ಕುರಿ ಓದ್ತಾವಾ? ಸದ್ದೆಲ್ಲಿ?" ಕೆಳಗಿಳಿದು ಗಾಡಿಯ ಸುತ್ತ ಬಂದಳು. ಡೋರು ಮುಟ್ಟಿದಳು, ಬಗ್ಗಿ ಸೈಲೆನ್ಸರ್ ನೋಡಿದಳು. "ಇದನ್ನ ಯಾರು ಕೊಟ್ರು?"

ಹೇಳಿದೆ. ಅವಳು ಸೊಂಟ ನೆಟ್ಟಗೆ ಮಾಡಿ ನನ್ನ ಕಡೆ ತಿರುಗಿದಳು. ಆಮೇಲೆ, "ನಮ್ ಭಾವ ನಿಮಗೆ ಏನ್ ಕೊಟ್ಟ ಮೇಸ್ತ್ರಿ?" ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. "ಬಾಯಿಗೆ ಬಂದಂಗೆ ಮಾತಾಡ್ಬ್ಯಾಡ! ಯಾರ ಹತ್ರಾನೂ ಒಂದು ಪೈಸೆ ಮುಟ್ಟಿದೋನಲ್ಲ ನಾನು. ನನ್ ಮ್ಯಾಲೇ ಅನುಮಾನಾನ?"

"ಅನುಮಾನ ಪಡೋಕೆ ನಿಮಗೊಬ್ರಿಗೇ ಬರೋದಾ? ಹಸಿ ಶೇಂಗಾ ಸಿಪ್ಪೆ ಅಲ್ಲಿ ಬಿದ್ದೈತೆ ನೋಡ್ರಿ, ನಮ್ ಹೊಲದ್ದು" ಎಂದಳು.

ನಿಜ, ಸಿಪ್ಪೆ ಮೇಜಿನ ಮೇಲೇ ಇತ್ತು. ಆಗ ಹೊಳೆಯಿತು, ಮೂಡ್ಲಪ್ಪನಿಗೆ ಗಾಡಿಯಲ್ಲಿ ಪಾಲು ಬೇಕಾಗಿರಲಿಲ್ಲ, ಗಾಡಿಯ ಬಾಯಿ ಮುಚ್ಚಿಸಬೇಕಾಗಿತ್ತು. ಜಗತ್ತನ್ನೆಲ್ಲ ಅನುಮಾನಿಸುವ ನಾನು ಅವನ ಒಂದು ಹೊಗಳಿಕೆಗೆ ಬಿದ್ದಿದ್ದೆ. ಥೂ!

ಹಳೇ ಸೈಲೆನ್ಸರಿಗಾಗಿ ಗುಜರಿಯವನ ಬಳಿ ಓಡಿದೆ. ಅದು ಲಾರಿ ಹತ್ತಿ ಹೋಗಿಯಾಗಿತ್ತು. ವಾಪಸ್ಸು ಬಂದು, ಹೊಸ ಸೈಲೆನ್ಸರಿಗೆ ಡ್ರಿಲ್ ಹಿಡಿದು ತೂತು ಕೊರೆದೆ. ಅಂತಹ ಕೆಲಸ ಮಾಡಿದ ಮೇಸ್ತ್ರಿ ನಾನೊಬ್ಬನೇ ಇರಬೇಕು. ಚಿತ್ತಮ್ಮ ಕಣ್ಣು ಮುಚ್ಚಿ ಕೇಳಿ, "ಹಿಂಗಲ್ಲ, ಇನ್ನೂ ಗೊರಗೊರ ಅಂತಿತ್ತು" ಎಂದಳು. ಇನ್ನೊಂದು ತೂತು ಕೊರೆದೆ. "ಅಲ್ಲ" ಎಂದಳು. ಸರಪಳಿ ಮಾತ್ರ ಇತ್ತು. ಎಂದಾದರೂ ಬೇಕಾದೀತೆಂದು ಏನನ್ನೂ ಬಿಸಾಡದ ನಾನು ಅದನ್ನು ಗ್ಯಾರೇಜಿನ ಗೇಟಿಗೆ ಸುತ್ತಿದ್ದೆ. ಕೊಂಡಿ, ರಬ್ಬರು ಕಿತ್ತು ಸರಪಳಿಯನ್ನು ಮತ್ತೆ ಡೋರಿಗೆ ಸಿಕ್ಕಿಸಿದೆ. ಕುರಿಗಳಿಗೆ ಗೊತ್ತಿದ್ದದ್ದು ಸೈಲೆನ್ಸರೋ, ಸರಪಳಿಯೋ, ಈರಣ್ಣನ ಗಂಟಲೋ, ಅದನ್ನು ಅವಳೂ ಹೇಳಲಾರಳು.

ಗಾಡಿಯನ್ನು ಹಟ್ಟಿಗೆ ನಾನೇ ಓಡಿಸುತ್ತೇನೆ ಎಂದೆ. ಮಾಡಿದ್ದನ್ನು ಸರಿಪಡಿಸಬೇಕೆಂಬ ಆಸೆ ಒಂದು. ಇನ್ನೊಂದು, ನಿಜ ಹೇಳಬೇಕೆಂದರೆ, ಅವಳ ಮೇಲಿನ ಅನುಮಾನ ಇನ್ನೂ ಹೋಗಿರಲಿಲ್ಲ. ಕುರಿಯನ್ನು ಕರೆಯಲು ಒಂದು ಹಿಡಿ ಹೊಟ್ಟು ಸಾಕಲ್ಲ. ಹೊರಡುವ ಬೆಳಿಗ್ಗೆ ಪೈಪು ಹಿಡಿದು ಬಾಡಿಯನ್ನೆಲ್ಲ ತೊಳೆದೆ, ಮೂಲೆ ಮೂಲೆ ಕೆರೆದೆ, ಸೀಟು ಎತ್ತಿ ನೋಡಿದೆ. ಚಿತ್ತಮ್ಮ ನಿಂತು ನೋಡಿ, "ನನ್ ಸೆರಗೂ ಕೊಡವ್ಲಾ ಮೇಸ್ತ್ರಿ?" ಎಂದಳು.

ಹಟ್ಟಿಯ ಪಕ್ಕದ ಬೀಳಿನಲ್ಲಿ ಹಿಂಡು ಮೇಯುತ್ತಿತ್ತು. ಬೇವಿನ ಮರದ ಅಡಿ ಯಜಮಾನರು, ನಾಲ್ಕು ಜನ ಹಿರಿಯರು, ಕಾಲ ಮೇಲೆ ಕಾಲು ಹಾಕಿಕೊಂಡು ಮೂಡ್ಲಪ್ಪ. "ಬಿಡಪ್ಪ ಗಾಡಿ, ನೋಡಾಣ" ಎಂದರು ಯಜಮಾನರು. ಹಿಂಡಿನ ಪಕ್ಕದ ಮಣ್ಣು ದಾರಿಯಲ್ಲಿ ನಿಧಾನಕ್ಕೆ ಬಿಟ್ಟೆ. ಒಂದೆರಡು ಕುರಿ ತಲೆ ಎತ್ತಿದವು, ಮತ್ತೆ ಮೇಯತೊಡಗಿದವು.

"ಮೇಸ್ತ್ರಿ ಕೈ ಚೆನ್ನಾಗೈತೆ ಕಣ್ರಪ್ಪ! ಗಾಡಿ ಬೆಣ್ಣೆ ಹಂಗೆ ಹೋಗ್ತೈತೆ" ಎಂದು ಮೂಡ್ಲಪ್ಪ ಗಟ್ಟಿಯಾಗಿ ನಕ್ಕ.

ಪಕ್ಕದಲ್ಲಿ ಚಿತ್ತಮ್ಮ ಡ್ಯಾಶ್‌ಬೋರ್ಡು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಇವಳ ಬದುಕು ನನ್ನ ರಿಪೇರಿಯಿಂದಲೇ ಹಾಳಾಯಿತಲ್ಲಪ್ಪಾ ಎನ್ನಿಸಿತು. ಆಗ ಅವಳು ಎಡಕ್ಕೆ ಕೈ ತೋರಿಸಿದಳು. "ಆ ಕಲ್ಲಿನ ಮ್ಯಾಲೆ ಬಿಡ್ರಿ. ನಮ್ಮನೇರು ಯಾವತ್ತು ದಾರಿ ಮ್ಯಾಲೆ ಓಡ್ಸಿದ್ರು?"

ಕಲ್ಲು ಗುಂಡುಗಳ ಮೇಲೆ ಗಾಡಿ ಎತ್ತಿ ಹಾಕಿತು. ಹಿಂದಿನ ಡೋರು ಅಲುಗಾಡಿತು. ಝಣ್ ಎಂದಿತು ಸರಪಳಿ. ಮತ್ತೆ ಝಣ್, ಝಣ್.

ಒಂದು ಕರಿಮುಖದ ಕುರಿ ಬ್ಯಾ ಎಂದು ಕೂಗಿತು. ಅದರ ಹಿಂದೆ ಇನ್ನೊಂದು. ಕನ್ನಡಿಯಲ್ಲಿ ನೋಡಿದರೆ ಹಿಂಡು ಎರಡಾಗಿ ಸೀಳುತ್ತಿತ್ತು. ಒಂದು ಪಾಲು ನಿಂತಲ್ಲೇ ನಿಂತಿತ್ತು, ಇನ್ನೊಂದು ಪಾಲು ಧೂಳೆಬ್ಬಿಸಿಕೊಂಡು ನಮ್ಮ ಕಡೆ ಓಡಿ ಬರುತ್ತಿತ್ತು. ತಾಯಿಗಳ ಹಿಂದೆ, ಈ ಗಾಡಿಯನ್ನು ಎಂದೂ ಕಾಣದ ಮರಿಗಳು ನೆಗೆಯುತ್ತಾ ಬಂದವು. "ಬಂದ್ವು, ಬಂದ್ವು ನನ್ನವ್ವಗಳು" ಎಂದು ಚಿತ್ತಮ್ಮ ಅತ್ತುಬಿಟ್ಟಳು. ತನ್ನದೆಂದು ಅವಳು ಬೆರಳು ತೋರಿಸಿ ಕರೆದ ಕೆಲವು ಬರಲಿಲ್ಲ. ಬಂದವೇ ಬೇಕಾದಷ್ಟಿದ್ದವು.

ಗಾಡಿ ನಿಲ್ಲಿಸಿದೆ. ಕುರಿಗಳು ನಮ್ಮ ಕೈ ನೋಡಲಿಲ್ಲ, ಮುಂದಕ್ಕೆ ಬರಲಿಲ್ಲ. ಎಲ್ಲವೂ ಹಿಂದಿನ ಡೋರಿಗೆ ಒತ್ತರಿಸಿ, ಸಂದಿಗೆ ಮೂತಿ ಇಟ್ಟು, ಗಂಟಲೊಳಗೇ ಮೆಲ್ಲಗೆ ಕೂಗತೊಡಗಿದವು.

"ಮೋಸ! ಒಳಗೆ ಹೊಟ್ಟು ಇಟ್ಟವ್ಳೆ!" ಎಂದು ಮೂಡ್ಲಪ್ಪ ಓಡಿ ಬಂದ.

ಮಂಡಿನೋವು ಎಲ್ಲಿ ಹೋಯಿತೋ, ಕೆಳಗೆ ಹಾರಿದೆ. "ಬಾರಯ್ಯ, ನೋಡು!" ಎಂದು ಸರಪಳಿ ಬಿಚ್ಚಿ ಡೋರು ಇಳಿಸಿದೆ. "ಬೆಳಿಗ್ಗೆ ಇದನ್ನ ತೊಳೆದೋನು ನಾನು. ಈಯಮ್ಮನ ಮ್ಯಾಲೆ ನಿನಗಿಂತ ಮುಂಚೆ ಅನುಮಾನ ಪಟ್ಟೋನೂ ನಾನೇ. ಒಂದು ಎಳೆ ಹೊಟ್ಟು ಸಿಕ್ರೆ ತೋರ್ಸು!"

ಬಾಡಿ ಖಾಲಿ ಇತ್ತು. ಕರಿಮುಖದ ಕುರಿ ಮುಂಗಾಲು ಎತ್ತಿ ತಗಡಿನ ಮೇಲಿಟ್ಟು, ಒಳಗಿನ ಮೂಲೆ ಮೂಲೆ ನೋಡಿ ಕೂಗಿತು. ಯಜಮಾನರು ಹತ್ತಿರ ಬಂದು ಬಗ್ಗಿ ಒಳಗೆ ನೋಡಿದರು.

"ಮೇವಿಗಲ್ಲ ಕಣಪ್ಪ. ಮರಿ ಹುಡುಕ್ತಾ ಅವೆ" ಎಂದರು. ಮೂಡ್ಲಪ್ಪನ ಕಡೆ ತಿರುಗಿ, "ನಿನ್ ಮರಿ ಯಾವತ್ತಾದ್ರೂ ಈ ಗಾಡಿ ಹತ್ತಿದ್ವೇನೋ?" ಎಂದು ಕೇಳಿದರು. ಆ ಗಾಡಿಯನ್ನು ಒಂದು ದಿನವೂ ಮುಟ್ಟಿಲ್ಲ ಎಂದು ನನ್ನ ಮುಂದೆ ದೇವರ ಆಣೆ ಹಾಕಿದವನು ನನ್ನ ಮುಖ ನೋಡಿದ. ಆಮೇಲೆ ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಹಿರಿಯರೂ ಎದ್ದು ಹೋದರು. ಕುರಿಗಳು ಮಾತ್ರ ಗಾಡಿ ಬಿಟ್ಟು ಅಲುಗಲಿಲ್ಲ. ಎಷ್ಟೋ ಹಿಂದೆ ಬೆಳೆದು ಹೋದ ಮರಿಗಳಿಗಾಗಿ ಕಾಯುತ್ತಿದ್ದವು. ನನಗೆ ಈರಣ್ಣ ಕೊಯ್ದು ಬಿಸಾಕಿದ ಸೈಕಲ್ ಟ್ಯೂಬು ನೆನಪಾಯಿತು.

"ಇಷ್ಟು ವರ್ಷ ಈರಣ್ಣ ಬೇಡ ಬೇಡ ಅಂದ್ನಲ್ಲಮ್ಮ" ಎಂದೆ. "ಇದು ಕುರಿಗೋಸ್ಕರ ಅಂತ ಒಂದು ಮಾತು ನನಗೆ ಹೇಳ್ಬಾರ್ದಾಗಿತ್ತಾ?"

ಚಿತ್ತಮ್ಮ ಕರಿಮುಖದ ಕುರಿಯ ಕಿವಿ ಸವರುತ್ತಿದ್ದಳು. "ಹೇಳಿದ್ರೆ ನೀವು ನಂಬ್ತಿದ್ರಾ ಮೇಸ್ತ್ರಿ?" ಎಂದಳು.

ನಾನು ಹಿಂದಿನ ಡೋರು ಎತ್ತಿ, ಸರಪಳಿಯನ್ನು ಅದು ಮೊದಲಿದ್ದ ಹಾಗೆಯೇ ಸಡಿಲವಾಗಿ ಸಿಕ್ಕಿಸಿದೆ.